ಅದೊಂದು ಮರ

ನಮ್ಮೂರ ಮಿಷನ್ ಶಾಲೆಯಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗ, ಇಂಗ್ಲಿಷ್ ಪಿರಿಯಡ್ಡಿನಲ್ಲಿ ಜಕ್ಕಾಯನ ಕಥೆ ಬಂತು. ಸುಂಕ ವಸೂಲಿ ಮಾಡುವ ಗಿಡ್ಡ ಮನುಷ್ಯ. ಜೆರಿಕೊ ಊರಿಗೆ ಯೇಸು ಬಂದಾಗ ಜನಜಂಗುಳಿಯಲ್ಲಿ ಏನೂ ಕಾಣದೆ ಮುಂದೆ ಓಡಿಹೋಗಿ ಸಿಕಮೋರ್ ಮರ ಹತ್ತಿ ಕೂತವನು. ‘ಸಿಕಮೋರ್ ಅಂದ್ರೇನು ಸಾರ್?’ ಎಂದು ಮುಂದಿನ ಬೆಂಚಿನವನು ಕೇಳಿದ. ಮೇಷ್ಟ್ರು ಒಂದು ಕ್ಷಣವೂ ತಡವರಿಸಲಿಲ್ಲ. ‘ಅದೊಂದು ಮರ ಕಣೋ’ ಎಂದು ಮುಂದಿನ ಸಾಲಿಗೆ ಹೋದರು.

ಡ್ಯಾಫೊಡಿಲ್ ಅದೊಂದು ಹೂವು, ನೈಟಿಂಗೇಲ್ ಅದೊಂದು ಹಕ್ಕಿ. ನಮ್ಮ ಓರಗೆಯವರಿಗೆ ಇಂಗ್ಲಿಷ್ ಸಾಹಿತ್ಯದ ಅರ್ಧ ನಿಸರ್ಗ ಹೀಗೆ ‘ಅದೊಂದು’ಗಳಲ್ಲೇ ಮುಗಿದುಹೋಗಿದೆ. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಆ ದಿನದ ಮಟ್ಟಿಗೆ ಮೇಷ್ಟ್ರು ಕಿಟಕಿಯಾಚೆ ಬೆರಳು ತೋರಿಸಿದ್ದರೆ ಸಾಕಿತ್ತು. ಶಾಲೆಯ ಹಿಂದೆ ಹಾಳುಬಾವಿಯ ಪಕ್ಕ ಒಂದು ಅತ್ತಿಮರವಿತ್ತು. ಊಟದ ಬೆಲ್ ಹೊಡೆದ ಮೇಲೆ ನಾವು ಹೋಗುತ್ತಿದ್ದದ್ದೇ ಅಲ್ಲಿಗೆ. ಬೇರೆ ಮರಗಳ ಹಾಗೆ ತುದಿಕೊಂಬೆಗಲ್ಲ, ಬೋಡು ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲು ಕಾಯಿ. ಕೆಂಪಗಾದದ್ದನ್ನು ಕಿತ್ತರೆ ತೊಟ್ಟಿನಲ್ಲಿ ಬೆಳ್ಳಗೆ ಹಾಲು ಜಿನುಗುತ್ತಿತ್ತು. ಅಂಗಿಗೆ ತಗುಲಿದರೆ ಮನೆಯಲ್ಲಿ ಬೈಗುಳ ಖಾತ್ರಿ. ಎರಡು ಹೋಳು ಮಾಡಿ, ‘ಫೂ’ ಎಂದು ಊದಿ ಹುಳು ಹಾರಿಸಿ, ಬಾಯಿಗೆ ಹಾಕಿಕೊಳ್ಳುವುದು. ರುಚಿ ಅಷ್ಟಕ್ಕಷ್ಟೆ. ಪುಕ್ಕಟೆ ಸಿಗುತ್ತದೆಂಬುದೇ ಅದರ ದೊಡ್ಡ ಗುಣ.

ಜಕ್ಕಾಯ ಹತ್ತಿದ ಮರ ಇದರ ಖಾಸಾ ದಾಯಾದಿ ಎಂದು ನನಗೆ ಗೊತ್ತಾದದ್ದು ಮೂವತ್ತು ವರ್ಷಗಳ ಮೇಲೆ.

ಸಿಕಮೋರ್ ಗ್ರೀಕ್ ಮಾತು. ‘ಸೂಕಾನ್’ ಅಂದರೆ ಅಂಜೂರ, ‘ಮೋರಾನ್’ ಅಂದರೆ ಹಿಪ್ಪುನೇರಳೆ. ಎಲೆ ನೋಡಿದರೆ ಹಿಪ್ಪುನೇರಳೆ, ಹಣ್ಣು ನೋಡಿದರೆ ಅಂಜೂರ ಎಂಬಂತಿರುವ ಮರಕ್ಕೆ ಇಟ್ಟ ಹೆಸರು. ರೇಷ್ಮೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸ್ಯಶಾಸ್ತ್ರದಲ್ಲಿ ಅದು ಫೈಕಸ್ ಸಿಕಮೋರಸ್, ನಮ್ಮ ಅತ್ತಿ ಫೈಕಸ್ ರಾಸೆಮೋಸಾ. ಆಲ, ಅರಳಿಗಳೂ ಫೈಕಸ್ ಕುಲದವೇ, ಆದರೆ ಬೇರೆ ಕವಲಿನವು. ಇನ್ನೊಂದು ಮರದ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಹುಟ್ಟಿ ಬೆಳೆಯುವ ಜಾತಿ. ಅತ್ತಿ ಮತ್ತು ಈಜಿಪ್ಟಿನ ಸಿಕಮೋರ್ ಎರಡೂ ನೆಲದಲ್ಲೇ ಬೇರಿಳಿಸುತ್ತವೆ, ಕಾಂಡಕ್ಕೇ ಕಾಯಿ ಬಿಡುತ್ತವೆ. ಇವೆರಡನ್ನೂ ಸೇರಿಸಿದ ಉಪಕುಲದ ಹೆಸರೇ ಸಿಕಮೋರಸ್.

ಆಫ್ರಿಕದ ಈ ಮರ ನೈಲ್ ನದಿಯ ದಡದಲ್ಲಿ ದೇವತೆಯಾಯಿತು. ಹಸಿರಿನ ಪಟ್ಟಿ ಮುಗಿದು ಮರಳು ಶುರುವಾಗುವ ದೇಶದಲ್ಲಿ ನೆರಳು, ಹಣ್ಣು, ಹಲಗೆ ಮೂರನ್ನೂ ಕೊಡುವ ಮರ ಬೇರೆ ಹೆಚ್ಚು ಇರಲಿಲ್ಲ. ಹಾಥೋರ್ ದೇವಿಗೆ ‘ಸಿಕಮೋರ್ ಮರದೊಡತಿ’ ಎಂಬ ಬಿರುದಿತ್ತು. ಸತ್ತವರಿಗೆ ದಾರಿ ತೋರಿಸುವ ಗ್ರಂಥದ ಪ್ರಕಾರ ಆಕಾಶದ ಮೂಡಣ ಬಾಗಿಲಲ್ಲಿ ಪಚ್ಚೆನೀಲಿ ಬಣ್ಣದ ಎರಡು ಸಿಕಮೋರ್‌ಗಳಿವೆ. ಸೂರ್ಯದೇವ ರಾ ದಿನವೂ ಅವುಗಳ ನಡುವಿನಿಂದಲೇ ಮೇಲೇರುತ್ತಾನೆ.

ದೈರ್ ಅಲ್ ಮದೀನಾ ಎಂಬುದು ರಾಜರ ಗೋರಿಗಳನ್ನು ಕೊರೆದು ಚಿತ್ರ ಬರೆಯುತ್ತಿದ್ದ ಕುಶಲಕರ್ಮಿಗಳ ಊರು. ಅವರಲ್ಲೊಬ್ಬ ಸೆನ್ನೆಜೆಮ್. ಕ್ರಿಸ್ತಪೂರ್ವ 13ನೇ ಶತಮಾನದವನು. ಹಗಲೆಲ್ಲ ರಾಜನ ಗೋರಿಗೆ ದುಡಿದು, ತನಗೂ ಒಂದು ಪುಟ್ಟ ಗೋರಿ ಮಾಡಿಸಿಕೊಂಡಿದ್ದ. 1886ರಲ್ಲಿ ಅದನ್ನು ತೆರೆದಾಗ ಬಣ್ಣಗಳು ನಿನ್ನೆ ಹಚ್ಚಿದಂತಿದ್ದವು. ಅಲ್ಲಿನ ಒಂದು ಚಿತ್ರದಲ್ಲಿ ಮರದೊಳಗಿಂದ ದೇವತೆಯೊಬ್ಬಳು ಎದ್ದುಬಂದಿದ್ದಾಳೆ. ಸೆನ್ನೆಜೆಮ್ ಮತ್ತು ಅವನ ಹೆಂಡತಿ ಎದುರು ಕೈಯೊಡ್ಡಿದ್ದಾರೆ, ಆಕೆ ಅವರಿಗೆ ಅನ್ನ ನೀರು ಕೊಡುತ್ತಿದ್ದಾಳೆ. ಮೂರನೇ ಥಟ್‌ಮೋಸ್ ದೊರೆಯ ಗೋರಿಯ ಕಂಬದ ಮೇಲಿನ ಚಿತ್ರ ಇನ್ನೂ ವಿಚಿತ್ರ. ಮಕ್ಕಳು ಸ್ಲೇಟಿನ ಮೇಲೆ ಗೀಚಿದಷ್ಟು ಸರಳವಾದ ಗೆರೆಗಳು. ಮರಕ್ಕೆ ಮುಖವಿಲ್ಲ, ಮೈಯಿಲ್ಲ. ಒಂದು ಕೈ ಇದೆ, ಒಂದು ಮೊಲೆ ಇದೆ. ರಾಜ ಅದರಿಂದ ಹಾಲು ಕುಡಿಯುತ್ತಿದ್ದಾನೆ. ಕಾಯಿ ಕಿತ್ತ ಜಾಗದಲ್ಲಿ ಹಾಲು ಜಿನುಗುವುದನ್ನು ಕಂಡವರಿಗಷ್ಟೇ ಇಂಥ ಚಿತ್ರ ಹೊಳೆಯಬಲ್ಲದು ಎಂಬುದು ನನ್ನ ಊಹೆ. ಪಂಡಿತರು ಏನಾದರೂ ಹೇಳಿಕೊಳ್ಳಲಿ.

ದೇವಿಯ ಗಾಂಭೀರ್ಯ ಒಂದು ಕಡೆಗಿರಲಿ. ಇಟಲಿಯ ಟುರಿನ್ ನಗರದ ಮ್ಯೂಸಿಯಂನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯ ಪಪೈರಸ್ ಒಂದಿದೆ. ಅದರಲ್ಲಿ ತೋಟದ ಮರಗಳು ಮಾತಾಡುತ್ತವೆ. ಕೊನೆಗೆ ಮಾತೆತ್ತುವುದು ಹುಡುಗಿ ತನ್ನ ಕೈಯಾರೆ ನೆಟ್ಟ ಎಳೆಯ ಸಿಕಮೋರ್. ಅದು ಅವಳ ಇನಿಯನಿಗೆ ಹೇಳಿಕಳಿಸುತ್ತದೆ, ನೆರಳಿಗೆ ಕರೆಯುತ್ತದೆ, ಕಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತದೆ.

ಹಲಗೆಯ ಸಂಗತಿಯನ್ನೂ ಹೇಳಬೇಕು. ಮಮ್ಮಿಗಳ ಪೆಟ್ಟಿಗೆಗಳಲ್ಲಿ ಎಷ್ಟೋ ಈ ಮರದವೇ. ಕೈರೋ ಮ್ಯೂಸಿಯಂನಲ್ಲಿರುವ ಖಾ-ಅಪೆರ್ ವಿಗ್ರಹವೂ ಸಿಕಮೋರ್‌ನದು. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯದು, ಎತ್ತರ 112 ಸೆಂಟಿಮೀಟರ್. ದಪ್ಪ ಹೊಟ್ಟೆ, ಬೋಳು ತಲೆ, ಕೈಯಲ್ಲಿ ಕೋಲು, ಸ್ಫಟಿಕ ಕೂರಿಸಿದ ಜೀವಂತ ಕಣ್ಣು. ಸಕ್ಕಾರದ ಮರಳಿನಿಂದ ಆಗಸ್ಟ್ ಮಾರಿಯೆಟ್‌ನ ಕೂಲಿಯಾಳುಗಳು ಅದನ್ನು ಹೊರತೆಗೆದಾಗ ಬೆಚ್ಚಿಬಿದ್ದು, ‘ಅರೆ, ನಮ್ಮೂರ ಪಟೇಲರು!’ ಎಂಬರ್ಥದಲ್ಲಿ ಕೂಗಿದರಂತೆ. ಇವತ್ತಿಗೂ ಅದರ ಅಡ್ಡಹೆಸರು ಶೇಖ್ ಅಲ್ ಬಲದ್, ಅಂದರೆ ಊರಗೌಡ.

ಈಜಿಪ್ಟಿನ ಸಿಕಮೋರ್‌ಗೆ ಒಂದು ಕೊರತೆಯಿತ್ತು. ಫೈಕಸ್ ಕುಲದ ಪ್ರತಿ ಜಾತಿಗೂ ಅದರದೇ ಆದ ಪುಟ್ಟ ಕಣಜ ಬೇಕು. ಪರಾಗ ಒಯ್ಯುವ ಕೆಲಸ ಅದರದ್ದೇ. ಈ ಮರವನ್ನು ಮನುಷ್ಯ ನೈಲ್ ಕಣಿವೆಗೆ ತಂದ, ಆದರೆ ಆ ಕಣಜ ಅಲ್ಲಿ ನೆಲೆಯೂರಲಿಲ್ಲ. ಹಾಗಾಗಿ ಬೀಜ ಕಟ್ಟುವುದಿಲ್ಲ. ಕಾಯಿ ತಾನಾಗಿ ಹಣ್ಣಾಗುವುದೂ ಇಲ್ಲ. ರೈತರು ಅದಕ್ಕೊಂದು ಉಪಾಯ ಕಂಡುಕೊಂಡರು. ಕಾಯಿ ಎಳೆಯದಿದ್ದಾಗಲೇ ಮರ ಹತ್ತಿ, ಒಂದೊಂದಕ್ಕೂ ಚೂರಿಯಿಂದ ಗೀರು ಹಾಕುವುದು. ಮೂರು ನಾಲ್ಕು ದಿನದಲ್ಲಿ ಕಾಯಿ ಉಬ್ಬಿ, ಸಿಹಿಯಾಗುತ್ತದೆ. ಗಾಯವಾದ ಕಾಯಿ ಎಥಿಲೀನ್ ಅನಿಲ ಬಿಡುತ್ತದೆ, ಅದೇ ಅದನ್ನು ಮಾಗಿಸುತ್ತದೆ. ಹೊಗೆ ಹಾಕಿ ಬಾಳೆಗೊನೆ ಮಾಗಿಸುವಾಗ ಆಗುವುದೂ ಇಂಥದ್ದೇ. ಗ್ರೀಕರ ಥಿಯೋಫ್ರಾಸ್ಟಸ್ ಈ ಗೀರುವ ಕೆಲಸವನ್ನು ಕ್ರಿಸ್ತಪೂರ್ವದಲ್ಲೇ ಬರೆದಿಟ್ಟ. ಬೈಬಲ್ಲಿನ ಪ್ರವಾದಿ ಆಮೋಸ ತನ್ನ ಕಸುಬು ಹೇಳಿಕೊಳ್ಳುವಾಗ ಕುರಿ ಕಾಯುವುದರ ಜೊತೆಗೆ ಇದನ್ನೂ ಸೇರಿಸುತ್ತಾನೆ. ಬೀಜವಿಲ್ಲದ್ದರಿಂದ ಹೊಸ ಮರ ಬೇಕೆಂದರೆ ಟೊಂಗೆ ಕಡಿದು ನೆಡಬೇಕು. ಅಂದರೆ ದೇವಿ ವಾಸವಾಗಿದ್ದ ಆ ಮರ ಸಾವಿರಾರು ವರ್ಷ ಉಳಿದದ್ದು ಯಾರೋ ಒಬ್ಬ ರೈತ ಪ್ರತಿ ತಲೆಮಾರಿನಲ್ಲೂ ನೆನಪಿಟ್ಟು ಕೊಂಬೆ ನೆಟ್ಟದ್ದರಿಂದ.

ಹೆಸರು ಊರು ಬಿಟ್ಟದ್ದು ಬೈಬಲ್ಲಿನ ಜೊತೆಗೆ. ಉತ್ತರ ಯುರೋಪಿನ ಚಳಿಯಲ್ಲಿ ಕೂತು ಜಕ್ಕಾಯನ ಕಥೆ ಕೇಳಿದವರಿಗೆ ಅತ್ತಿಯಂಥ ಮರ ಹೇಗಿರುತ್ತದೆಂದು ಏನು ಗೊತ್ತು? ಅಗಲ ಎಲೆಯ, ದಟ್ಟ ನೆರಳಿನ ಒಂದು ಮೇಪಲ್ ಜಾತಿಯ ಮರಕ್ಕೆ ಆ ಹೆಸರನ್ನು ಅಂಟಿಸಿಬಿಟ್ಟರು. ಇಂಗ್ಲೆಂಡಿನಲ್ಲಿ ಇವತ್ತು ಸಿಕಮೋರ್ ಅಂದರೆ ಅದೇ. ಅದರ ಶಾಸ್ತ್ರೀಯ ಹೆಸರು ಏಸರ್ ಸ್ಯೂಡೋಪ್ಲಾಟನಸ್, ಅಂದರೆ ‘ಹುಸಿ ಪ್ಲಾಟನಸ್’. ಅಲ್ಲೂ ಇನ್ನೊಬ್ಬರ ಹೆಸರೇ. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದವರು ಅಲ್ಲಿನ ನಿಜವಾದ ಪ್ಲಾಟನಸ್ ಅನ್ನು ಕಂಡು ಅದನ್ನೂ ಸಿಕಮೋರ್ ಎಂದರು. ಹೀಗೆ ಒಂದೇ ಹೆಸರಿಗೆ ಮೂರು ಮರ, ಮೂರೂ ಬೇರೆ ಬೇರೆ ಕುಟುಂಬ. ತಮಾಷೆಯೆಂದರೆ, ಇಂಗ್ಲೆಂಡಿನ ಸಿಕಮೋರನ್ನು ಈಗ ಸೇರಿಸಿರುವುದು ನಾವು ತಲೆಗೂದಲು ತೊಳೆಯುತ್ತಿದ್ದ ಅಂಟುವಾಳದ ಕುಟುಂಬಕ್ಕೆ.

ಈ ಇಂಗ್ಲಿಷ್ ಸಿಕಮೋರ್‌ಗೆ ತವರಿನಲ್ಲೇ ಮರ್ಯಾದೆ ಕಡಿಮೆ. ತವರು ಎನ್ನುವುದೂ ತಪ್ಪು, ಅದು ಮಧ್ಯ ಯುರೋಪಿನ ಬೆಟ್ಟಗಳಿಂದ ಬಂದದ್ದು. ಜಾನ್ ಜೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ ಇದನ್ನು ಹೊರಗಿನದು, ಸಿರಿವಂತರ ತೋಟದ ನಡುದಾರಿಗಳಲ್ಲಿ ಮಾತ್ರ ಕಾಣುವಂಥದು ಎಂದಿದ್ದ. ಆಮೇಲೆ ಅದು ತೋಟದ ಬೇಲಿ ಹಾರಿತು. ಎರಡು ರೆಕ್ಕೆಯ ಬೀಜ ಗಿರಗಿರನೆ ತಿರುಗುತ್ತ ಗಾಳಿಯಲ್ಲಿ ದೂರ ಹೋಗಿ ಬಿದ್ದಲ್ಲೆಲ್ಲ ಮೊಳೆಯುತ್ತದೆ. ಬೇಸಿಗೆಯಲ್ಲಿ ಗಿಡಹೇನುಗಳ ಅಂಟುರಸ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಸುರಿಯುತ್ತದೆ. ಎಲೆಗಳ ಮೇಲೆ ಟಾರು ಚಿಮುಕಿಸಿದಂಥ ಕಪ್ಪು ಬೂಷ್ಟಿನ ಮಚ್ಚೆ. ನಮ್ಮಲ್ಲಿ ಲಂಟಾನವನ್ನು ಕಂಡು ಉರಿದುಬೀಳುವ ಹಾಗೆ, ಇದನ್ನು ಕಾಡಿನಿಂದ ಕಿತ್ತೊಗೆಯಬೇಕೆನ್ನುವ ನಿಸರ್ಗಪ್ರೇಮಿಗಳು ಅಲ್ಲೂ ಇದ್ದಾರೆ. ಆದರೆ ಉಪ್ಪುಗಾಳಿ, ಚಳಿ, ಬೋಳುಬಯಲು ಯಾವುದಕ್ಕೂ ಜಗ್ಗದೆ ನಿಲ್ಲುವುದರಿಂದ ಕುರಿಗಾಹಿಗಳ ಒಂಟಿಮನೆಗಳ ಮಗ್ಗುಲಲ್ಲಿ ಗಾಳಿಗೆ ಅಡ್ಡಲಾಗಿ ನೆಡುವುದು ಇದನ್ನೇ. ಅದರ ಬಿಳಿ ಹಲಗೆ ಆಹಾರಕ್ಕೆ ವಾಸನೆ ರುಚಿ ಏನನ್ನೂ ಹತ್ತಿಸುವುದಿಲ್ಲ. ತರಕಾರಿ ಹೆಚ್ಚುವ ಮಣೆ, ಸೌಟು, ಬೋಗುಣಿ ಮಾಡುತ್ತಾರೆ. ವೇಲ್ಸಿನ ಹುಡುಗರು ತಾವು ಮೆಚ್ಚಿದ ಹುಡುಗಿಗೆ ಕೊಡಲು ಚಮಚ ಕೆತ್ತುತ್ತಿದ್ದದ್ದೂ ಬಹುಪಾಲು ಈ ಮರದಲ್ಲೇ.

ಹೊರಗಿನಿಂದ ಬಂದ ಈ ಜಾತಿಯ ಒಂದು ಮರ ಇಡೀ ದೇಶದ ಕಣ್ಣಲ್ಲಿ ನೀರು ತರಿಸಿತು.

ರೋಮನ್ನರು ಕ್ರಿಸ್ತಶಕ 122ರಲ್ಲಿ ಕಟ್ಟತೊಡಗಿದ ಹೇಡ್ರಿಯನ್ ಗೋಡೆ ನಾರ್ಥಂಬರ್‌ಲೆಂಡ್‌ನಲ್ಲಿ ಒಂದು ಕಡೆ ಗುಡ್ಡದಿಂದ ಸರ್ರನೆ ಇಳಿದು ಮತ್ತೆ ಗುಡ್ಡ ಹತ್ತುತ್ತದೆ. ಆ ತಗ್ಗಿನಲ್ಲಿ, ಎರಡು ಇಳಿಜಾರುಗಳ ನಡುವೆ ಸರಿಯಾಗಿ, ಒಂದೇ ಒಂದು ಸಿಕಮೋರ್ ನಿಂತಿತ್ತು. ಸುತ್ತ ಬೇರೆ ಮರವಿಲ್ಲ. ಅದನ್ನು ಅಲ್ಲಿಟ್ಟವನು ಚಿತ್ರಕಾರನೇ ಇರಬೇಕು ಎನಿಸುವಂಥ ಜಾಗ. ಆ ಜಾಗದ ಹೆಸರೂ ಸಿಕಮೋರ್ ಗ್ಯಾಪ್. 1991ರ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ ಸಿನಿಮಾದಲ್ಲಿ ಕೆವಿನ್ ಕಾಸ್ಟ್ನರ್ ಅದರ ಬುಡಕ್ಕೆ ಬಂದು ಹೋದ ಮೇಲೆ ಪ್ರವಾಸಿಗರು ಹೆಚ್ಚಿದರು. ಎಷ್ಟೋ ಜನ ಅದರ ಕೆಳಗೆ ಮದುವೆಯ ಮಾತೆತ್ತಿದರು, ಎಷ್ಟೋ ಜನ ತಮ್ಮವರ ಬೂದಿಯನ್ನು ಅಲ್ಲಿ ಬಿಟ್ಟರು. 2016ರಲ್ಲಿ ಅದು ಇಂಗ್ಲೆಂಡಿನ ವರ್ಷದ ಮರ.

2023ರ ಸೆಪ್ಟೆಂಬರ್ 27ರ ರಾತ್ರಿ ಆಗ್ನೆಸ್ ಬಿರುಗಾಳಿ ಬೀಸುತ್ತಿತ್ತು. ಬೆಳಗ್ಗೆ ಮರ ಗೋಡೆಯ ಮೇಲೆ ಅಡ್ಡ ಬಿದ್ದಿತ್ತು. ಗಾಳಿಗೆ ಬಿತ್ತೆಂದುಕೊಂಡವರಿಗೆ ಹತ್ತಿರ ಹೋದಾಗ ಬುಡ ಕಂಡಿತು: ಗರಗಸದ ನುಣುಪಾದ ಕೊಯ್ತ. ಕಡಿದವರು ಇಬ್ಬರು. ಒಬ್ಬನ ಫೋನಿನಲ್ಲಿ ವಿಡಿಯೊ ಸಿಕ್ಕಿತು. ಕತ್ತಲು, ಚೈನ್ ಸಾ ಸದ್ದು, ಲಟಲಟ, ಧೊಪ್. ಎಲ್ಲ ಸೇರಿ 2 ನಿಮಿಷ 41 ಸೆಕೆಂಡು. ಯಾಕೆ ಕಡಿದರೆಂಬುದಕ್ಕೆ ಒಪ್ಪುವಂಥ ಕಾರಣ ಕೋರ್ಟಿನಲ್ಲೂ ಹೊರಬರಲಿಲ್ಲ. 2025ರ ಜುಲೈನಲ್ಲಿ ಇಬ್ಬರಿಗೂ ನಾಲ್ಕು ವರ್ಷ ಮೂರು ತಿಂಗಳ ಸಜೆಯಾಯಿತು.

ನನಗೆ ಕುತೂಹಲ ಹುಟ್ಟಿಸಿದ್ದು ಆರೋಪಪಟ್ಟಿಯಲ್ಲಿದ್ದ ಲೆಕ್ಕ. ಮರಕ್ಕಾದ ನಷ್ಟ 6,22,191 ಪೌಂಡ್. ರೋಮನ್ ಗೋಡೆಗಾದ ನಷ್ಟ 1,144 ಪೌಂಡ್. ಸಾವಿರದ ಒಂಬೈನೂರು ವರ್ಷದ ವಿಶ್ವಪರಂಪರೆಯ ಕಲ್ಲಿಗಿಂತ, 19ನೇ ಶತಮಾನದಲ್ಲಿ ನೆಟ್ಟದ್ದೆನ್ನಲಾದ, ಕಳೆಯೆಂದು ಬೈಸಿಕೊಳ್ಳುವ ಜಾತಿಯ ಮರದ ಹಾನಿ ಐನೂರು ಪಟ್ಟು ದೊಡ್ಡದು. ಕಲ್ಲನ್ನು ಎತ್ತಿ ಮತ್ತೆ ಕೂರಿಸಬಹುದು ಎಂಬುದು ಅದರ ಹಿಂದಿನ ತರ್ಕವಿರಬೇಕು. ನಮ್ಮ ಶಾಲೆಯ ಹಿಂದಿನ ಅತ್ತಿಮರವನ್ನು ಕಾಂಪೌಂಡ್ ಕಟ್ಟುವಾಗ ಕಡಿದರು. ಅದಕ್ಕೂ ಬೆಲೆ ಕಟ್ಟಿದ್ದರು, ಸೌದೆಯ ಲೆಕ್ಕದಲ್ಲಿ. ಅತ್ತಿ ಸೌದೆಗೂ ಅಷ್ಟೇನೂ ಚೆನ್ನಾಗಿಲ್ಲವೆಂದು ಕೊಂಡವನು ಚೌಕಾಸಿ ಮಾಡಿದನಂತೆ.

ಸಿಕಮೋರ್ ಗ್ಯಾಪಿನ ಬೊಡ್ಡೆ ಸತ್ತಿರಲಿಲ್ಲ. 2024ರ ಬೇಸಿಗೆಯಲ್ಲಿ ಅದರ ಬುಡದಿಂದ ಎಂಟು ಚಿಗುರು ಬಂದವು. ಬಿದ್ದ ಮರದಿಂದ ಆರಿಸಿಕೊಂಡ ಬೀಜ ಕಡ್ಡಿಗಳಿಂದ ನ್ಯಾಷನಲ್ ಟ್ರಸ್ಟ್ ಸಸಿ ಮಾಡಿ, 49 ಸಸಿಗಳನ್ನು ದೇಶದ ಬೇರೆ ಬೇರೆ ಊರುಗಳಿಗೆ ಕೊಟ್ಟಿತು. ಬೀಳುವಾಗ ಮರದ ಎತ್ತರ 49 ಅಡಿ ಇತ್ತು, ಅಡಿಗೊಂದು ಸಸಿ. ಕಾಂಡದ ಒಂದು ತುಂಡನ್ನು ಹತ್ತಿರದ ಸಂದರ್ಶಕರ ಕೇಂದ್ರದಲ್ಲಿಟ್ಟಿದ್ದಾರೆ. ಬಂದವರು ತಬ್ಬಿಕೊಳ್ಳಬಹುದು.

ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಸಿಕಮೋರ್ ಇಂಗ್ಲೆಂಡಿನ ಇನ್ನೊಂದು ಮೂಲೆಯಲ್ಲಿದೆ. ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿ. 1830ರ ದಶಕ. ಹೊಲದ ಕೂಲಿಯವರ ವಾರದ ಸಂಬಳ ಒಂಬತ್ತು ಶಿಲಿಂಗಿನಿಂದ ಎಂಟಕ್ಕೆ, ಎಂಟರಿಂದ ಏಳಕ್ಕೆ ಇಳಿದು, ಆರಕ್ಕೆ ಇಳಿಸುವ ಮಾತು ಬಂದಿತ್ತು. ಜಾರ್ಜ್ ಲವ್‌ಲೆಸ್ ಎಂಬ ಕೂಲಿಯವನೂ ಅವನ ಜೊತೆಗಾರರೂ ಸೇರುತ್ತಿದ್ದದ್ದು ಊರ ನಡುವಿನ ಸಿಕಮೋರ್ ಕೆಳಗೆ. ದುಡ್ಡಿಲ್ಲದವರಿಗೆ ಸಭಾಂಗಣ ಎಲ್ಲಿಂದ ಬರಬೇಕು? ಸಂಘ ಕಟ್ಟುವುದು ಆಗ ಅಪರಾಧವಾಗಿರಲಿಲ್ಲ. ಹಾಗಾಗಿ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆವ ಹುಡುಕಿ, 1834ರಲ್ಲಿ ಆರು ಜನರಿಗೆ ಏಳು ವರ್ಷ ಆಸ್ಟ್ರೇಲಿಯಕ್ಕೆ ಗಡೀಪಾರು ಶಿಕ್ಷೆ ಕೊಟ್ಟರು. ದೇಶದಲ್ಲಿ ಗದ್ದಲವೆದ್ದು, ಲಕ್ಷಗಟ್ಟಲೆ ಸಹಿಯ ಮನವಿ ಹೋಗಿ, 1836ರಲ್ಲಿ ಕ್ಷಮಾದಾನ ಸಿಕ್ಕಿತು. ಬ್ರಿಟನ್ನಿನ ಕಾರ್ಮಿಕ ಸಂಘಗಳು ಇವತ್ತಿಗೂ ಜುಲೈ ತಿಂಗಳಲ್ಲಿ ಬಾವುಟ ಹಿಡಿದು ಟಾಲ್‌ಪಡಲ್‌ಗೆ ಹೋಗುತ್ತವೆ. ಆ ಮರ ಇನ್ನೂ ಇದೆ. 1680ರ ಸುಮಾರಿನದೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಅದೇ ಹೆಸರಿನ ಅಮೆರಿಕದ ಮರದ ಕೆಳಗೆ ನಡೆದದ್ದು ತದ್ವಿರುದ್ಧ. 1792ರ ಮೇ 17ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ 24 ದಲ್ಲಾಳಿಗಳು ದಲ್ಲಾಳಿ ದರದ ಬಗ್ಗೆ ಒಂದು ಕರಾರಿಗೆ ಸಹಿ ಹಾಕಿದರು. ಅದರ ಹೆಸರು ಬಟನ್‌ವುಡ್ ಒಪ್ಪಂದ. ಬಟನ್‌ವುಡ್ ಅಂದರೆ ಅಮೆರಿಕನ್ ಸಿಕಮೋರ್‌ನ ಇನ್ನೊಂದು ಹೆಸರು, ಗುಂಡಿಯಂಥ ಕಾಯಿ ನೇತಾಡುವುದರಿಂದ. ನ್ಯೂಯಾರ್ಕ್ ಷೇರುಪೇಟೆ ಹುಟ್ಟಿದ್ದು ಅಲ್ಲಿ. ಕಾಶ್ಮೀರದ ಚಿನಾರ್ ಈ ಅಮೆರಿಕದ ಮರದ ಅಣ್ಣ, ಪ್ಲಾಟನಸ್ ಒರಿಯೆಂಟಾಲಿಸ್. ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ ಕೆಳಗಿನ ಕೆನೆಬಣ್ಣ ಕಾಣುವುದೂ, ಅಂಗೈಯಂಥ ಎಲೆಯೂ ಇಬ್ಬರಿಗೂ ಒಂದೇ. ಚಿನಾರ್ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಸಿನಿಮಾ ಹಾಡುಗಳೂ ಆಗಿವೆ. ನಾನು ಮತ್ತೆ ಅತ್ತಿಗೆ ಬರುತ್ತೇನೆ.

ಅತ್ತಿಗೆ ನಮ್ಮಲ್ಲಿ ಹೆಸರು ಕಡಿಮೆಯೇನಲ್ಲ. ಐತರೇಯ ಬ್ರಾಹ್ಮಣದಲ್ಲಿ ರಾಜನ ಅಭಿಷೇಕಕ್ಕೆ ಬೇಕಾದ ಪೀಠ ಉದುಂಬರದ್ದು, ಅಂದರೆ ಅತ್ತಿಯದು. ನೆಲದಡಿಯ ನೀರಿನ ಸುಳಿವು ಕೊಡುವ ಮರಗಳ ಪಟ್ಟಿಯಲ್ಲಿ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಇದನ್ನು ಸೇರಿಸಿದ್ದಾನೆ. ಗಾಣಗಾಪುರದಲ್ಲಿ ಭೀಮಾ ಅಮರಜಾ ಸಂಗಮದ ಔದುಂಬರಕ್ಕೆ ದತ್ತಭಕ್ತರು ಇಂದಿಗೂ ಸುತ್ತು ಬರುತ್ತಾರೆ. ಅತ್ತಿ ಹಲಗೆ ಬಯಲಲ್ಲಿ ಬೇಗ ಲಡ್ಡಾಗುತ್ತದೆ, ನೀರಿನೊಳಗೆ ಮಾತ್ರ ಗಟ್ಟಿ. ಹಿಂದೆ ಬಾವಿಯ ತಳದ ಚೌಕಟ್ಟಿಗೆ ಬಳಸುತ್ತಿದ್ದರು. ಕಾಂಚೀಪುರದ ಅತ್ತಿ ವರದರಾಜ, ಅಂದರೆ ಅತ್ತಿಮರದ ವಿಗ್ರಹ, ಪುಷ್ಕರಣಿಯ ನೀರಿನಲ್ಲೇ ಮಲಗಿರುತ್ತಾನೆ. 40 ವರ್ಷಕ್ಕೊಮ್ಮೆ ಮೇಲೆ ಬರುತ್ತಾನೆ. 2019ರಲ್ಲಿ 48 ದಿನ ದರ್ಶನ ಕೊಟ್ಟು ಮತ್ತೆ ಮುಳುಗಿದ.

ತಮಿಳರಲ್ಲಿ ‘ಅತ್ತಿ ಹೂ ಬಿಟ್ಟ ಹಾಗೆ’ ಎಂಬ ಮಾತಿದೆ, ಅಪರೂಪದ್ದಕ್ಕೆ. ಹೂವು ಯಾರ ಕಣ್ಣಿಗೂ ಬೀಳದಿರಲು ಕಾರಣ, ಅದು ಕಾಯಿಯ ಒಳಗೇ ಇರುವುದು. ನಾವು ಕಾಯಿ ಎನ್ನುವುದು ಒಳಮುಖವಾಗಿ ಮಡಿಚಿಟ್ಟ ನೂರಾರು ಹೂಗಳ ಗೊಂಚಲು. ತುದಿಯಲ್ಲೊಂದು ಸೂಜಿಮೊನೆಯ ಬಾಯಿ. ಹೆಣ್ಣುಕಣಜ ಅದರಲ್ಲಿ ತೂರಿಕೊಂಡು ಒಳಹೋಗುವಾಗ ರೆಕ್ಕೆ ಹರಿದುಹೋಗುತ್ತದೆ. ಪರಾಗ ಉದುರಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡಿ, ಅವು ಹೊರಹೋಗಲು ಗೋಡೆ ಕೊರೆದುಕೊಟ್ಟರೆ ಅವುಗಳ ಬಾಳು ಮುಗಿಯಿತು. ಈ ಸಂಸಾರಕ್ಕೆ ಹೊರಗಿನಿಂದ ಕನ್ನ ಹಾಕುವ ಪರಾವಲಂಬಿ ಕಣಜವೂ ಉಂಟು. ಕೂದಲಿಗಿಂತ ತೆಳುವಾದ ಕೊಳವೆಯಿಂದ ಗಟ್ಟಿ ಕಾಯಿಯನ್ನು ಕೊರೆದು ಒಳಗೆ ಮೊಟ್ಟೆ ಇಳಿಸುತ್ತದೆ. ಆ ಕೊಳವೆಯ ಹಲ್ಲಿನಂಥ ತುದಿಯಲ್ಲಿ ಸತು ಇದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು.

ಅತ್ತಿ ಹಣ್ಣು ಒಡೆದರೆ ಹುಳು ಎಂಬ ಗಾದೆಯನ್ನು ಮೇಲೆ ಥಳುಕು ಒಳಗೆ ಹುಳುಕು ಎಂಬರ್ಥದಲ್ಲಿ ನಾವು ಬಳಸುತ್ತ ಬಂದಿದ್ದೇವೆ. ಗಾದೆ ಮಾಡಿದವರ ಕಣ್ಣು ಚುರುಕಾಗಿತ್ತು, ತೀರ್ಪು ತುಸು ಅವಸರದ್ದು. ನಿಮ್ಮ ಊರಿನ ಹೊಳೆ ಬದಿಯಲ್ಲಿ, ಹಳೇ ಬಾವಿಯ ಹತ್ತಿರ ಅತ್ತಿಮರ ಉಳಿದಿದ್ದರೆ ಒಂದು ಹಣ್ಣು ಕಿತ್ತು ಒಡೆದು ನೋಡಿ. ರೆಕ್ಕೆಯಿದ್ದವು ಹೆಣ್ಣು, ರೆಕ್ಕೆಯಿಲ್ಲದವು ಗಂಡು. ಜೊತೆಗೆ ಮಕ್ಕಳಿದ್ದರೆ, ಸಿಕಮೋರ್ ಅಂದರೆ ಇದೇ ಎಂದು ಹೇಳಿಬಿಡಿ. ಸಣ್ಣ ತಪ್ಪು, ಆದರೆ ನಮ್ಮ ಮೇಷ್ಟ್ರ ಉತ್ತರಕ್ಕಿಂತ ವಾಸಿ. ಆಮೇಲೆ ಊದಿ ತಿನ್ನುವುದೋ ಬಿಡುವುದೋ ನಿಮಗೆ ಬಿಟ್ಟದ್ದು.